ಮಗಳಿಗೆ ಕೇಳಿಸುವ ಅಪಶ್ರುತಿ ನನಗೇಕೆ ಕೇಳಿಸುವುದಿಲ್ಲ?

ಹಾಸನದಲ್ಲಿ ಮೂರು ವರ್ಷದಿಂದ ಪಾಠಕ್ಕೆ ಹೋಗುತ್ತಿರುವ ಮಗಳು ತಂಬೂರಿಯ ಶ್ರುತಿ ಸೇರಿಲ್ಲ ಅನ್ನುತ್ತಾಳೆ, ನಿಮಗೆ ಎಲ್ಲ ಒಂದೇ ಥರ ಕೇಳಿಸುತ್ತದೆ, ದೋಷ ಕಿವಿಯದೋ ಮಿದುಳಿನದೋ ಎಂದು ಕೇಳಿದ್ದೀರಿ. ಬಹುಶಃ ಎರಡರದ್ದೂ ಅಲ್ಲ. ಅವಳ ಕಿವಿಗೆ ಬೀಳುವುದೇ ನಿಮ್ಮ ಕಿವಿಗೂ ಬೀಳುತ್ತಿದೆ. ಎಲ್ಲಿಗೆ ಗಮನ ಕೊಡಬೇಕೆಂಬುದು ಅವಳಿಗೆ ರೂಢಿಯಾಗಿದೆ.

ಲೆಕ್ಕ ಹಾಕಿ ನೋಡಿ. ತಂಬೂರಿಯ ನಡುವಿನ ಎರಡು ತಂತಿಗಳು ಸಾರಣಿ, ಅನುಸಾರಣಿ; ಎರಡೂ ಒಂದೇ ಷಡ್ಜಕ್ಕೆ (ಸ) ನಿಲ್ಲಬೇಕು. ಸಾರಣಿ ಸೆಕೆಂಡಿಗೆ 200 ಸಲ ಕಂಪಿಸುತ್ತಿದೆ ಎಂದುಕೊಳ್ಳೋಣ. ಅನುಸಾರಣಿ 201 ಇದ್ದರೆ ದನಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಇದನ್ನು ಯಾರಾದರೂ ಹಿಡಿದಾರು. ಪಂಚಮದ (ಪ) ತಂತಿ ಹಾಗಲ್ಲ. ಅದು 150ಕ್ಕೆ ನಿಲ್ಲಬೇಕು. 149.5ಕ್ಕೆ ನಿಂತರೆ ಕೆಳಗಿನ ದನಿಯಲ್ಲಿ ಏನೂ ಗೊತ್ತಾಗದು. ಆದರೆ ಪ್ರತಿ ತಂತಿಯಲ್ಲೂ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಸ್ವಯಂಭೂ ಸ್ವರಗಳು ತಾವಾಗಿ ಏಳುತ್ತವೆ. ಪಂಚಮದ ನಾಲ್ಕನೇ ಸ್ವಯಂಭೂ ಸ್ವರ 598, ಷಡ್ಜದ ಮೂರನೆಯದು 600. ಈ ಎರಡು ಒಂದಕ್ಕೊಂದು ತಗುಲಿ, ಮೇಲೆಲ್ಲೋ ಸೆಕೆಂಡಿಗೆ 2 ಸಲ ಅಲೆ ಏಳುತ್ತದೆ. ಮಗಳು ಹಿಡಿಯುತ್ತಿರುವುದು ಅದನ್ನೇ.

ಈ ಅಲೆ, ಒರಟುತನ ಹುಟ್ಟುವುದು ಒಳಗಿವಿಯ ಶಂಖದಲ್ಲೇ. ಹತ್ತಿರದ ಎರಡು ದನಿಗಳು ಅಲ್ಲಿನ ಒಂದೇ ಭಾಗವನ್ನು ಅಲುಗಿಸುತ್ತವೆ. ಇದಕ್ಕೆ ಪಾಠ ಬೇಕಿಲ್ಲ. ಶ್ರವಣ ಸಂಶೋಧಕ ಜಾಶ್ ಮೆಕ್‌ಡರ್ಮಾಟ್ ತಂಡದ 2010ರ ಅಧ್ಯಯನದಲ್ಲಿ, ಹೆಚ್ಚು ವರ್ಷ ವಾದ್ಯ ಕಲಿತವರಿಗೆ ಸ್ವಯಂಭೂ ಸ್ವರಗಳು ಒಂದೇ ಮೂಲಕ್ಕೆ ಹೊಂದಿಕೊಳ್ಳುವ ನಾದ ಹೆಚ್ಚು ಇಷ್ಟವಾಯಿತು. ಅಲೆಯ ಮೇಲಿನ ಅಸಹನೆಗೂ ಕಲಿಕೆಗೂ ಅಂಥ ನಂಟು ಕಾಣಲಿಲ್ಲ. (ಕಲಿತದ್ದರಿಂದಲೇ ಹಾಗಾಯಿತು ಎಂದು ಇದೊಂದರಿಂದ ಹೇಳಲಾಗದು.) 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಕ್‌ಡರ್ಮಾಟ್ ಮತ್ತು ಬೇರೆ ಸಹೋದ್ಯೋಗಿಗಳು ಬೊಲಿವಿಯಾದ ಚಿಮಾನೆ ಜನರಿಗೆ ಸಂವಾದಿ (ಹೊಂದುವ), ವಿಸಂವಾದಿ (ಹೊಂದದ) ಸ್ವರಜೋಡಿಗಳನ್ನು ಕೇಳಿಸಿದಾಗ ಅವರಿಗೆ ಎರಡೂ ಸಮನಾಗಿ ಹಿತವೆನಿಸಿದವು. ಹಿತ ಅನ್ನುವುದರಲ್ಲಿ ಕೇಳಿ ಬೆಳೆದದ್ದರ ಪಾಲು ದೊಡ್ಡದು.

ಇವೆಲ್ಲ ಜೊತೆಯಾಗಿ ನುಡಿಸಿದ ಸ್ವರಗಳ ಮಾತು. ನಮ್ಮ ಸಂಗೀತದಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಇಲ್ಲ, ಶ್ರುತಿಯ ಎದುರು ಕಂಠ ನಿಲ್ಲುವುದೇ ಸಾಮರಸ್ಯ. ನಿಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿರುವುದು ಸುಮ್ಮನೆ ಅಲ್ಲ.

ನೀವು ಹೀಗೆ ಮಾಡಿ. ಮೊದಲು ಸಾರಣಿ, ಅನುಸಾರಣಿ, ಮಂದ್ರಗಳನ್ನು (ಮಂದ್ರವೆಂದರೆ ಕೆಳ ಸ್ಥಾಯಿಯ ಷಡ್ಜದ ತಂತಿ, ನಮ್ಮ ಲೆಕ್ಕದಲ್ಲಿ 100) ಮಗಳೇ ಸೇರಿಸಲಿ. ಆಮೇಲೆ ಪಂಚಮದ ತಂತಿಯಲ್ಲಿ ಶ್ರುತಿ ತಿದ್ದುವ ಮಣಿಯನ್ನು ಬೇಕೆಂದೇ ಒಂದಿಷ್ಟು ಜರುಗಿಸಲಿ. ನೀವು ಕಣ್ಣುಮುಚ್ಚಿ, ತಂತಿಯ ದಪ್ಪ ದನಿ ಬಿಟ್ಟು ಅದರ ಮೇಲಿನ ಸಣ್ಣ ಝೇಂಕಾರಕ್ಕೆ ಕಿವಿಗೊಡಿ. ಅವಳು ಮಣಿಯನ್ನು ನಿಧಾನಕ್ಕೆ ವಾಪಸು ತರುತ್ತಿರುವಾಗ ಅಲೆ ನಿಂತ ಕ್ಷಣ ಕೈ ಎತ್ತಿ. ದಿನಕ್ಕೆ 10 ನಿಮಿಷ ಸಾಕು. ತಂತಿಯನ್ನು ಜೋರಾಗಿ ಮೀಟಬಾರದು, ಮೀಟಿದ ಕ್ಷಣಕ್ಕೆ ಸ್ವರ ತುಸು ಮೇಲೇರಿ ಮೋಸ ಮಾಡುತ್ತದೆ. ಕುದುರೆಯ (ತಂತಿಗಳು ಹಾದುಹೋಗುವ ಆಸರೆಯ) ಮೇಲೆ ತಂತಿಯಡಿಯ ದಾರ ಜರುಗಿದ್ದರೆ ಝೇಂಕಾರವೇ ಸತ್ತುಹೋಗಿರುತ್ತದೆ, ಮೊದಲು ಅದನ್ನು ಸರಿಮಾಡಿ. ಮೊಬೈಲ್ ಸ್ಪೀಕರಿನಲ್ಲಿ ಈ ಅಭ್ಯಾಸ ಬೇಡ. ಮಂದ್ರದ ಬುಡವೇ ಅದರಲ್ಲಿ ಬರುವುದಿಲ್ಲ.

ನಾಲ್ಕೂ ಸೇರಿದಾಗ ಯಾರೂ ಮೀಟದ ಅಂತರ ಗಾಂಧಾರ ಮಂದ್ರದಿಂದ ತಾನಾಗಿ ಏಳುತ್ತದೆ: 100ರ ಐದನೆಯದು, 500. ಅದನ್ನು ಕೀಬೋರ್ಡಿನ ಗಾಂಧಾರಕ್ಕೆ ಹೋಲಿಸಬೇಡಿ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ಕೀಬೋರ್ಡಿನದು ಷಡ್ಜದಿಂದ 400 ಸೆಂಟ್, ತಂಬೂರಿಯದು 386. ಆ 14 ಸೆಂಟಿನ ಜಗಳದಲ್ಲಿ ತಪ್ಪು ತಂಬೂರಿಯದಲ್ಲ.