ಪ್ರತಿಕ್ರಿಯೆ: ಕ್ಯಾನ್ಸರ್ ಗುಣವಾದವರು ರಕ್ತದಾನ ಮಾಡಬಹುದೇ?

ಕ್ಯಾನ್ಸರ್‌ನಿಂದ ಗುಣವಾದ ಮೇಲೆ ರಕ್ತ ಕೊಡಲು ಹೋದರೆ ರಕ್ತನಿಧಿಯವರು ಹಿಂದಕ್ಕೆ ಕಳುಹಿಸಿದರು ಎಂದು ಬರೆದಿದ್ದೀರಿ. ಅವರು ಹಾಗೆ ಮಾಡಿದ್ದು ನಿಯಮದ ಕಾರಣಕ್ಕೆ. ನೀವು ಹೆದರಿರುವಂತೆ, ರೋಗ ಮೈಯಲ್ಲಿ ಉಳಿದಿದೆ ಎಂದು ಅದರ ಅರ್ಥವಲ್ಲ. ಭಾರತದ 2017ರ ರಕ್ತದಾನಿ ಆಯ್ಕೆ ಮಾರ್ಗಸೂಚಿಯಂತೆ, ಕ್ಯಾನ್ಸರ್ ಬಂದುಹೋದವರು ಪೂರ್ತಿ ಗುಣವಾಗಿದ್ದರೂ ರಕ್ತ ಕೊಡುವಂತಿಲ್ಲ. ನನಗೂ ಇದೇ ಉತ್ತರ ಸಿಕ್ಕಿತ್ತು, ಮನಸ್ಸಿಗೆ ಬಹಳ ನೋವಾಗಿತ್ತು.

ಚಿಕಿತ್ಸೆಯ ಕಾಲದಲ್ಲಿ ರಕ್ತ ಕೊಟ್ಟ ಅಪರಿಚಿತರ ಋಣ ತೀರಿಸಬೇಕು ಎಂದು ಬರೆದಿದ್ದೀರಿ. ಹಾಗಾದರೆ ಮೊದಲು ದಾನಿಗಳನ್ನು ಒಟ್ಟುಮಾಡಿ. ಕೀಮೋ (ಕ್ಯಾನ್ಸರ್‌ನ ಔಷಧ ಚಿಕಿತ್ಸೆ) ಪಡೆಯುವ ಅನೇಕರಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ, ಕರೆದ ದಿನವೇ ಬರುವ ಹತ್ತು ಜನರ ಪಟ್ಟಿ ಹೆಚ್ಚು ಉಪಯುಕ್ತ ಎಂಬುದು ನನ್ನ ದೃಢ ಅಭಿಪ್ರಾಯ. ಬಂಧುಗಳು, ಸಹೋದ್ಯೋಗಿಗಳ ಹೆಸರು, ರಕ್ತದ ಗುಂಪು, ಮೊಬೈಲ್ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಬರೆದುಕೊಂಡು, ನಿಮ್ಮ ಆಸ್ಪತ್ರೆಯ ರಕ್ತನಿಧಿಗೆ ಕೊಡಿ.

ಆಮೇಲೆ ಅಲ್ಲಿಯ ಸಮಾಜ ಕಾರ್ಯಕರ್ತರನ್ನು ಕಂಡು, ಹೊಸ ರೋಗಿಗಳೊಡನೆ ಮಾತನಾಡಲು ಸಿದ್ಧ ಎಂದು ಹೇಳಿ. ಕೂದಲು ಉದುರಿದಾಗ, ನಾಲಿಗೆಗೆ ರುಚಿ ಹತ್ತದಿದ್ದಾಗ, ಅದನ್ನು ದಾಟಿಬಂದವರ ಮುಖ ನೋಡುವುದೇ ದೊಡ್ಡ ಧೈರ್ಯ. ಆದರೆ ಔಷಧ, ಪಥ್ಯದ ಸಲಹೆ ಕೊಡಬೇಡಿ. ಅದು ವೈದ್ಯರ ಕೆಲಸ.

ನೇತ್ರದಾನಕ್ಕೂ ಹೆಸರು ಬರೆಸಬಹುದು. ನಿಮ್ಮದು ಯಾವ ಕ್ಯಾನ್ಸರ್ ಎಂದು ತಿಳಿಸಿಲ್ಲ. ರಕ್ತದ ಕ್ಯಾನ್ಸರ್ ಅಥವಾ ಕಣ್ಣಿನೊಳಗಿನ ಗಡ್ಡೆಯಾಗಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಉಳಿದ ಹಲವು ಬಗೆಗಳಲ್ಲಿ ಅಡ್ಡಿಯಿಲ್ಲ. ಆಸ್ಪತ್ರೆಯ ಬಿಡುಗಡೆ ಪತ್ರ (ಡಿಸ್ಚಾರ್ಜ್ ಸಮ್ಮರಿ) ಹಿಡಿದು ಹತ್ತಿರದ ನೇತ್ರ ಭಂಡಾರದಲ್ಲಿ ವಿಚಾರಿಸಿ.