ಗುರುವನ್ನು ಆರಿಸಿಕೊಳ್ಳುವುದು ಹೇಗೆ?

ನೀವು ಕುಂಬಳೆಯವರು, ದೀಕ್ಷೆ ಕೊಡುವ ಗುರುವನ್ನು ಎಲ್ಲಿ ಹುಡುಕಲಿ ಎಂದು ಕೇಳಿದ್ದೀರಿ. ಊರೂರು ಅಲೆಯುವ ಮೊದಲು ಹತ್ತಿರದ್ದನ್ನು ನೋಡಿ. ನಿಮ್ಮದೇ ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ ಹುಟ್ಟಿದ ಸಂತ ಸ್ವಾಮಿ ರಾಮದಾಸರಿಗೆ ರಾಮಮಂತ್ರ ಕೊಟ್ಟವರು ಯಾವ ಮಠಾಧೀಶರೂ ಅಲ್ಲ, ಸ್ವಂತ ಅಪ್ಪ! ಆಮೇಲೆ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ. 1931ರಲ್ಲಿ ರಾಮದಾಸರು ಕಟ್ಟಿದ್ದು ಕಾಞಂಗಾಡಿನ ಆನಂದಾಶ್ರಮ. ಅಲ್ಲಿಗೊಮ್ಮೆ ಹೋಗಿ, ರಾಮನಾಮ ಕೇಳುತ್ತಾ ಸುಮ್ಮನೆ ಕೂತು ಬನ್ನಿ.

ಯಾರನ್ನೇ ಆಗಲಿ, ಪ್ರವಚನದಿಂದ ಅಳೆಯಬೇಡಿ. ಊಟದ ಪಂಕ್ತಿಯಲ್ಲಿ ಬಡಿಸುವ ಹುಡುಗ ಸಾರು ಚೆಲ್ಲಿದಾಗ ಅವರ ಮುಖ ನೋಡಿ. ನಾನು ಒಬ್ಬರನ್ನು ಬಿಟ್ಟು ಬಂದದ್ದು ಅಷ್ಟಕ್ಕೇ. ದೀಕ್ಷೆಗೆ ಅವಸರ ಮಾಡುವವರು, ಮನೆಯವರಿಂದ ದೂರವಿರು ಎನ್ನುವವರು, ದಕ್ಷಿಣೆಗೆ ದರ ಹೇಳುವವರು ಸಿಕ್ಕಿದರೆ ಕೈಮುಗಿದು ಎದ್ದು ಬನ್ನಿ.