ಲೈಸೆನ್ಸ್ ಹಳೆಯದು, ಬಾರ್ ಹೊಸದು

ಬ್ರಹ್ಮಾವರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “1992ರಿಂದ ಹೊಸ ಬಾರ್ ಲೈಸೆನ್ಸ್ ಕೊಟ್ಟಿಲ್ಲ ಅಂತಾರೆ. ಹಾಗಾದರೆ ನನ್ನ ಮಗಳ ಶಾಲೆಯ ತಿರುವಿನಲ್ಲಿ ಹೋದ ತಿಂಗಳು ತೆರೆದ ಬಾರ್ ಎಲ್ಲಿಂದ ಬಂತು?”

ಅಕ್ಕ, ನಿಮ್ಮ ಸಿಟ್ಟು ನ್ಯಾಯದ್ದೇ. ಮದ್ಯದ ಲೈಸೆನ್ಸಿನ ಬಗೆಗಳನ್ನು ಸಿಎಲ್ ನಂಬರಿನಿಂದ ಗುರುತಿಸುತ್ತಾರೆ. ವೈನ್ ಶಾಪಿನ ಸಿಎಲ್-2, ಬಾರ್ ಆಂಡ್ ರೆಸ್ಟೋರೆಂಟಿನ ಸಿಎಲ್-9, ಈ ಎರಡನ್ನೂ 1992ರ ನಂತರ ದಶಕಗಳ ಕಾಲ ಹೊಸದಾಗಿ ಕೊಡಲಿಲ್ಲ, ನಿಜ. ಆದರೆ ಹಳೆಯ ಲೈಸೆನ್ಸನ್ನು ಬೇರೆ ಜಾಗಕ್ಕೆ ಒಯ್ಯಲು ಅವಕಾಶ ಇದೆ. ಲಾಡ್ಜ್ ಕಟ್ಟಿದವರಿಗೆ ಸಿಎಲ್-7 ಇದೆ. ಸರಕಾರದ್ದೇ ಎಂಎಸ್‌ಐಎಲ್ ಅಂಗಡಿಗೆ ಸಿಎಲ್-11ಸಿ. ಹಾಗಾಗಿ ಮೊದಲು ಅದು ಯಾವ ಸಿಎಲ್ ಎಂದು ತಿಳಿದುಕೊಳ್ಳಿ. ಸಿಎಲ್-7 ಆಗಿದ್ದು, ಮೇಲಿನ ರೂಮಿನಲ್ಲಿ ಯಾರೂ ಉಳಿಯುವುದೇ ಇಲ್ಲ ಎಂದಾದರೆ ದೂರಿನಲ್ಲಿ ಅದನ್ನೇ ಬರೆಯಿರಿ.

ನನ್ನನ್ನು ಜಾಸ್ತಿ ಕಾಡುವುದು ಈ ಸ್ಥಳಾಂತರ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. ಮರುವರ್ಷ, 20,000ದವರೆಗೆ ಜನ ಇರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಕುಡಿದು ಗಾಡಿ ಓಡಿಸುವುದನ್ನು ತಡೆಯಲು ಮಾಡಿದ ಒಳ್ಳೆಯ ಆದೇಶ ಅದು. ಆದರೆ ಹೆದ್ದಾರಿ 66 ನಮ್ಮ ಪೇಟೆಗಳ ನಡುವೆಯೇ ಹಾದು ಹೋಗುತ್ತದೆ. 2017ರ ಜುಲೈನಲ್ಲಿ ಕೋರ್ಟ್ ನಗರ ವ್ಯಾಪ್ತಿಗೆ ಆದೇಶ ಸಡಿಲಿಸುವವರೆಗೆ, ಅದರ ಬದಿಯಿಂದ ಎದ್ದ ಅಂಗಡಿ ಒಳರಸ್ತೆಗೇ ಬರಬೇಕಿತ್ತು. ಒಳರಸ್ತೆಯಲ್ಲಿ ಇರುವುದು ಮನೆ, ಶಾಲೆ, ದೈವಸ್ಥಾನ ಅಲ್ವಾ?

ಶಾಲೆ, ದೇವಸ್ಥಾನ, ಆಸ್ಪತ್ರೆ, ಸರಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಲೈಸೆನ್ಸ್ ಕೊಡಬಾರದು ಎಂಬುದು ಸಾಮಾನ್ಯ ನಿಯಮ. ಅಳೆಯುವುದು ನೇರ ಗೆರೆ ಎಳೆದು ಅಲ್ಲ. ಬಾರಿನ ಬಾಗಿಲಿನಿಂದ ಶಾಲೆಯ ಹತ್ತಿರದ ಗೇಟಿನವರೆಗೆ, ಜನ ನಡೆದು ಹೋಗುವ ದಾರಿಯಲ್ಲಿ ಅಳೆಯಬೇಕು. ಆಟವೆಲ್ಲ ನಡೆಯುವುದು ಇಲ್ಲೇ. ನಮ್ಮ ಬೀದಿಯ ಬಾರಿನವರು ಅಳತೆಯ ದಿನ ಹಿಂದಿನ ಬಾಗಿಲು ತೋರಿಸಿದ್ದರು. ಮರುದಿನದಿಂದ ಗಿರಾಕಿಗಳು ಹೋದದ್ದು ಮುಂದಿನ ಬಾಗಿಲಿನಿಂದ. ನಾವು ನೋಡಿಯೂ ಸುಮ್ನೆ ಇದ್ದೆವು. ಆ ಬೇಸರ ನನಗೆ ಇವತ್ತಿಗೂ ಇದೆ.

ನೀವು ಹಾಗೆ ಮಾಡಬೇಡಿ. ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರನ್ನು ಸೇರಿಸಿಕೊಂಡು ಟೇಪ್ ಹಿಡಿದು ಅಳೆಯಿರಿ. ಮಕ್ಕಳು ಬಳಸುವ ಗೇಟಿನ ಫೋಟೊ, ಗಿರಾಕಿಗಳು ಬಳಸುವ ಬಾಗಿಲಿನ ಫೋಟೊ, ಎರಡೂ ಇರಲಿ. ದೂರನ್ನು ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗೆ ಕೊಡಿ. ಅಬಕಾರಿ ಉಪ ಆಯುಕ್ತರಿಗೂ ಒಂದು ಪ್ರತಿ ಹೋಗಲಿ. ಸ್ವೀಕೃತಿ ಇಲ್ಲದೆ ಹಿಂದೆ ಬರಬೇಡಿ. ಲೈಸೆನ್ಸಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಮೊದಲೇ ನಿಮ್ಮ ತಕರಾರು ಫೈಲಿಗೆ ಸೇರಬೇಕು. ಅಳೆದಾಗ ಎಷ್ಟು ಮೀಟರ್ ಬಂತು, ನಮಗೂ ಬರೆಯಿರಿ.

– ಸಂಪಾದಕ